ನೋಯುವುದು ನೋವಾದ ಬಗೆ

ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂತಹ ಊರಿನಲ್ಲಿ ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ವೈದ್ಯರಲ್ಲಿಗೆ ಬರುವಳೆಂದು ಭಾವಿಸೋಣ. “ಡಾಕ್ಟ್ರೇ, ಮಗು ರಾತ್ರಿಯಿಂದ ಕಕ್ತಾ ಐತೆ, ನಾಲಿಗೆ ಒಣಗೈತೆ” ಎನ್ನುತ್ತಾಳೆ. ವೈದ್ಯರು ಚೀಟಿಯಲ್ಲಿ ‘ವಾಮಿಟಿಂಗ್, ಡಿಹೈಡ್ರೇಷನ್’ ಎಂದು ಬರೆಯುತ್ತಾರೆ. ತಾಯಿ ಆಡಿದುವು ಎರಡು ಕ್ರಿಯಾಪದಗಳು. ಚೀಟಿಗೆ ಇಳಿದುವು ಎರಡು ನಾಮಪದಗಳು. ಈ ಮಾರ್ಪಾಟು ಏತಕ್ಕೆ?

ಯಾವುದನ್ನಾದರೂ ಎಣಿಸಬೇಕಾದರೆ, ಅಳೆಯಬೇಕಾದರೆ, ಅದಕ್ಕೊಂದು ಹೆಸರು ಬೇಕು. ‘ಎದೆ ಬಡಿಯುತ್ತದೆ’ ಎಂದರೆ ನಡೆಯುತ್ತಿರುವ ಸಂಗತಿ ತಿಳಿಯುತ್ತದೆ. ‘ಬಡಿತ’ ಎಂದೊಡನೆ ಅದು ನಿಮಿಷಕ್ಕೆ 72 ಎಂದು ಲೆಕ್ಕಕ್ಕೆ ಸಿಕ್ಕುತ್ತದೆ. ಭೌತವಿಜ್ಞಾನವೂ ಚಲಿಸುವುದನ್ನು ಚಲನೆಯೆಂದೂ ಸೆಳೆಯುವುದನ್ನು ಸೆಳೆತವೆಂದೂ ಕರೆದ ಮೇಲೆಯೇ ಅವುಗಳನ್ನು ಸೂತ್ರದಲ್ಲಿ ಕೂರಿಸಿತು.

ಇಂಗ್ಲಿಷಿನಲ್ಲಿ 1375ರಿಂದ 1500ರವರೆಗಿನ ಅವಧಿಯಲ್ಲಿ ಬಹುಸಂಖ್ಯೆಯ ವೈದ್ಯಗ್ರಂಥಗಳು ಲ್ಯಾಟಿನ್ನಿನಿಂದ ಅನುವಾದಗೊಂಡುವು. ಫ್ರಾನ್ಸಿನ ಗೀ ದ ಶೋಲಿಯಾಕ್ 1363ರಲ್ಲಿ ಮುಗಿಸಿದ ಶಸ್ತ್ರವೈದ್ಯಗ್ರಂಥವು ಅವುಗಳಲ್ಲೊಂದು. ಆಗ ಅನುವಾದಕರಿಗೆ ಎರಡು ದಾರಿಗಳಿದ್ದುವು. ತಮ್ಮದೇ ‘ಇಂಗ್’ ಪ್ರತ್ಯಯವನ್ನು ಹಚ್ಚಿ ಬ್ಲೀಡಿಂಗ್, ಸ್ವೆಲಿಂಗ್ ಎನ್ನುವುದು ಒಂದು. ಲ್ಯಾಟಿನ್ನಿನ ಪರ್ಗೇಷನ್, ಡೈಜೆಷನ್‌ಗಳನ್ನು ಹಾಗೆಯೇ ತರುವುದು ಇನ್ನೊಂದು. ‘ವಾಮಿಟಿಂಗ್’ನಲ್ಲಿ ಧಾತು ಲ್ಯಾಟಿನ್ನಿನದು, ಪ್ರತ್ಯಯ ಮಾತ್ರ ಇಂಗ್ಲಿಷಿನದು. ‘ಡಿಹೈಡ್ರೇಷನ್’ 19ನೆಯ ಶತಮಾನದ್ದಾದರೂ ಎರಡನೆಯ ಅಚ್ಚಿನಲ್ಲಿಯೇ ಎರಕವಾದುದು.

ನಮ್ಮಲ್ಲಿಯೂ ಇದೇ ಕಥೆ. ಸುಮಾರು 1150ರಲ್ಲಿ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಸುಮಾರು 1360ರಲ್ಲಿ, ಎಂದರೆ ಶೋಲಿಯಾಕನ ಕಾಲದಲ್ಲಿಯೇ, ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಕನ್ನಡದಲ್ಲಿಯೂ ಇಂತಹ ಪದಗಳಿಗೆ ಎರಡು ದಾರಿಗಳುಂಟು. ನೋಯು–ನೋವು, ಊದು–ಊತ, ತುರಿಸು–ತುರಿಕೆ, ಬಾಯಾರು–ಬಾಯಾರಿಕೆ, ಕೆಡು–ಕೇಡು ಇವು ನಮ್ಮ ಮನೆಯವು. ಕೆಮ್ಮು, ಸೀನು, ಉರಿ ಎಂಬುವಕ್ಕೆ ಪ್ರತ್ಯಯದ ಹಂಗೂ ಇಲ್ಲ. ವ್ಯಾಕರಣವು ಇವನ್ನು ಕೃದಂತ ಭಾವನಾಮಗಳೆನ್ನುತ್ತದೆ. ವಮನ, ವಿರೇಚನ, ಪಚನಗಳಾದರೋ ಸಂಸ್ಕೃತದ ‘ಅನ’ ಪ್ರತ್ಯಯದೊಡನೆ ಬಂದ ಅತಿಥಿಗಳು.

ಇಲ್ಲೊಂದು ಸ್ವಾರಸ್ಯವಿದೆ. ಹಳ್ಳಿಯವರೂ ಬಳಸುವ ‘ವಾಂತಿ’ಯು ಸಂಸ್ಕೃತದ ‘ವಮ್’ ಧಾತುವಿಗೆ ‘ತಿ’ ಸೇರಿ ಆದುದು. ವಾಮಿಟ್‌ನ ಧಾತುವೂ ಈ ‘ವಮ್’ ಧಾತುವೂ ಒಂದೇ ಮೂಲದವು. ‘ಷನ್’ ಪ್ರತ್ಯಯದ ಪೂರ್ವರೂಪವೂ ಈ ‘ತಿ’ಯೂ ದಾಯಾದಿಗಳು. ಬಳಕೆಯಿಂದ ಅತಿಥಿಯೂ ಮನೆಯವನಾಗಬಲ್ಲನೆಂಬುದಕ್ಕೆ ಈ ಪದವೇ ಸಾಕ್ಷಿ.

ಆದರೆ ಕ್ರಿಯೆ ಹೆಸರಾದಾಗ ನಷ್ಟವೂ ಉಂಟು. ‘ಮಗು ಕಕ್ಕುತ್ತಿದೆ’ ಎಂಬಲ್ಲಿ ಮಗುವಿದೆ, ಕಾಲವಿದೆ. ‘ವಮನ’ದಲ್ಲಿ ಎರಡೂ ಇಲ್ಲ. ಭೇದಿಯಾದ ಮಗುವಿಗೆ ‘ನಿರ್ಜಲೀಕರಣ’ದ ಅಪಾಯವಿದೆಯೆಂದು ಗೋಡೆಯ ಮೇಲೆ ಬರೆದರೆ, ಅದನ್ನು ಓದಬಲ್ಲ ತಾಯಿಗೂ ತಾನು ನೋಡಬೇಕಾದುದೇನೆಂದು ತಿಳಿಯದು. ‘ಮಗುವಿನ ನಾಲಿಗೆ ಒಣಗಿದರೆ, ಕಣ್ಣು ಗುಳಿಬಿದ್ದರೆ, ಅದು ಮಂಕಾಗಿ ಮಲಗಿದರೆ, ತಡಮಾಡದೆ ಕರೆತನ್ನಿ, ದಾರಿಯಲ್ಲಿ ಸಕ್ಕರೆ ಉಪ್ಪಿನ ಜೀವಜಲವನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಿ’ ಎಂದು ಬರೆದರೆ ತಿಳಿದೀತು.

ಅಳೆಯುವವನಿಗೆ ನಾಮಪದವು ಬೇಕು. ಆರೈಕೆ ಮಾಡುವವಳಿಗೆ ಕ್ರಿಯಾಪದವು ಬೇಕು. ತಾಯಿಯಿಂದ ಪಡೆದ ಕ್ರಿಯೆಯನ್ನು ಹೆಸರಾಗಿಸಿಕೊಂಡ ವಿಜ್ಞಾನವು, ಅದನ್ನು ಅವಳಿಗೆ ಹಿಂದಿರುಗಿಸುವಾಗ ಮತ್ತೆ ಕ್ರಿಯೆಯನ್ನಾಗಿಯೇ ಕೊಡಬೇಕು. ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವ ನಾವೆಲ್ಲರೂ ಇದನ್ನು ನೆನಪಿನಲ್ಲಿಡುವುದೊಳ್ಳಿತು.