ಕಾರಿನ ಎಂಜಿನ್ ಪದೇ ಪದೇ ಸ್ಥಗಿತಗೊಳ್ಳುವಿಕೆ: ಕಾರಣಗಳನ್ನು ಗುರುತಿಸುವ ಕ್ರಮ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ವಾಹನ ಮಾಲೀಕರ ಗಮನಕ್ಕೆ)

ಹೊಗೆ ತಪಾಸಣೆಗೆ ಅಥವಾ ನೋಂದಣಿ ನವೀಕರಣಕ್ಕೆ ವಾಹನವನ್ನು ತರುವ ಮುನ್ನ ಅದರ ಎಂಜಿನ್ ನಿಲ್ಲದೆ ಓಡುವ ಸ್ಥಿತಿಯಲ್ಲಿರಬೇಕಾದುದು ಅವಶ್ಯಕ. ಪೆಟ್ರೋಲ್ ಕಾರುಗಳ ಹೊಗೆಯನ್ನು ಎಂಜಿನ್ ನಿಧಾನಗತಿಯಲ್ಲಿ, ಅಂದರೆ ಐಡ್ಲಿಂಗ್‌ನಲ್ಲಿ ಇರುವಾಗ ಅಳೆಯಲಾಗುತ್ತದೆ. ಆ ಗತಿಯಲ್ಲಿ ನಿಂತುಹೋಗುವ ಎಂಜಿನ್ನಿನ ತಪಾಸಣೆ ಸಾಧ್ಯವಾಗುವುದಿಲ್ಲ. ಇದಕ್ಕಿಂತಲೂ ಮುಖ್ಯವಾದುದು ಜೀವರಕ್ಷಣೆ. ಹಳ್ಳಿಮೈಸೂರು ಮಾರ್ಗವಾಗಿ ಮೈಸೂರಿಗೆ ಹೋಗುವ ರಸ್ತೆಯ ತಿರುವಿನಲ್ಲಾಗಲಿ, ಶಿರಾಡಿ ಘಾಟಿಯ ಏರಿನಲ್ಲಾಗಲಿ ಎಂಜಿನ್ ನಿಂತರೆ ಹಿಂದಿನಿಂದ ಬರುವ ವಾಹನದಿಂದ ಅಪಾಯವುಂಟಾಗುತ್ತದೆ.

1. ಎಂಜಿನ್ ನಿಂತಾಗ ಮಾಡಬೇಕಾದುದು

ಎಂಜಿನ್ ನಿಂತ ಕೂಡಲೇ ಬ್ರೇಕ್‌ಗೆ ದೊರೆಯುವ ನಿರ್ವಾತದ ಸಹಾಯ ಕ್ರಮೇಣ ಇಲ್ಲವಾಗುತ್ತದೆ. ಪವರ್ ಸ್ಟೀರಿಂಗ್ ಸಹ ಬಿಗಿಯಾಗುತ್ತದೆ. ಬ್ರೇಕನ್ನು ಪದೇ ಪದೇ ಒತ್ತಿ ಬಿಡದೆ, ಒಮ್ಮೆಲೇ ದೃಢವಾಗಿ ಒತ್ತಿ ಹಿಡಿಯತಕ್ಕದ್ದು. ವಾಹನ ಚಲಿಸುತ್ತಿರುವಾಗ ಕೀಲಿಯನ್ನು ಹೊರತೆಗೆಯಬಾರದು. ಸ್ಟೀರಿಂಗ್ ಬೀಗ ಬೀಳುವ ಸಂಭವವಿರುತ್ತದೆ. ವಾಹನವನ್ನು ಎಡಬದಿಗೆ ಸರಿಸಿ, ನಾಲ್ಕೂ ಸೂಚಕ ದೀಪಗಳನ್ನು ಬೆಳಗಿಸಿ, ಎಚ್ಚರಿಕೆಯ ತ್ರಿಕೋನ ಫಲಕವನ್ನು ಹಿಂದೆ ಇಡತಕ್ಕದ್ದು. ತುರ್ತು ಸಹಾಯಕ್ಕೆ 112ಕ್ಕೆ ಕರೆ ಮಾಡಬಹುದು.

2. ಮೆಕ್ಯಾನಿಕ್‌ಗೆ ತಿಳಿಸಬೇಕಾದ ವಿವರಗಳು

‘ಗಾಡಿ ನಿಂತುಹೋಗುತ್ತದೆ’ ಎಂದಷ್ಟೇ ಹೇಳಿದಲ್ಲಿ ಒಂದೊಂದೇ ಬಿಡಿಭಾಗವನ್ನು ಬದಲಿಸಿ ನೋಡುವ ಪರಿಸ್ಥಿತಿ ಉಂಟಾಗಿ, ಮಾಲೀಕರಿಗೆ ಅನವಶ್ಯಕ ವೆಚ್ಚವಾಗುತ್ತದೆ. ಆದುದರಿಂದ ಈ ಅಂಶಗಳನ್ನು ಬರೆದಿಟ್ಟುಕೊಳ್ಳುವುದು ಸೂಕ್ತ: ಎಂಜಿನ್ ತಣ್ಣಗಿತ್ತೇ, ಕಾದಿತ್ತೇ, ವಾಹನ ನಿಂತಿತ್ತೇ, ಏರು ಹತ್ತುತ್ತಿತ್ತೇ, ಎಳೆದಾಡಿ ನಿಂತಿತೇ, ಸ್ವಿಚ್ ತೆಗೆದಂತೆ ತಟಕ್ಕನೆ ನಿಂತಿತೇ, ಮತ್ತೆ ಚಾಲೂ ಆಗಲು ಎಷ್ಟು ಸಮಯ ಹಿಡಿಯಿತು, ಟ್ಯಾಂಕಿನಲ್ಲಿ ಇಂಧನವೆಷ್ಟಿತ್ತು.

3. ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

ಪೆಟ್ರೋಲ್ ಎಂಜಿನ್ ಓಡಲು ಗಾಳಿ, ಇಂಧನ ಹಾಗೂ ಕಿಡಿ ಈ ಮೂರೂ ಬೇಕು. ಇವುಗಳಲ್ಲಿ ಯಾವುದು ತಪ್ಪುತ್ತಿದೆ ಎಂಬುದನ್ನು ಲಕ್ಷಣಗಳಿಂದ ಊಹಿಸಬಹುದಾಗಿದೆ.

ಅ) ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಎಂಜಿನ್ ನಿಂತು, ಆಕ್ಸಿಲರೇಟರ್ ಒತ್ತಿದರೆ ಉಳಿದುಕೊಳ್ಳುತ್ತಿದ್ದಲ್ಲಿ ದೋಷವು ಸಾಮಾನ್ಯವಾಗಿ ಗಾಳಿಯ ಮಾರ್ಗದಲ್ಲಿರುತ್ತದೆ: ಥ್ರಾಟಲ್‌ನಲ್ಲಿ ಮಸಿ, ಬಿರುಕುಬಿಟ್ಟ ಗಾಳಿಕೊಳವೆ ಅಥವಾ ಕೆಟ್ಟ ಐಡಲ್ ವಾಲ್ವ್.

ಆ) ಏರಿನಲ್ಲಿ ಅಥವಾ ವೇಗದಲ್ಲಿ ಎಳೆದಾಡಿ ನಿಂತರೆ ಇಂಧನದ ಪೂರೈಕೆ ಸಾಲದಾಗಿರಬಹುದು: ಕಟ್ಟಿಕೊಂಡ ಫಿಲ್ಟರ್ ಅಥವಾ ದುರ್ಬಲವಾದ ಪಂಪ್. ಹಳೆಯ ಕಾರುಗಳಲ್ಲಿ ಟ್ಯಾಂಕಿನ ಮುಚ್ಚಳ ತೆರೆದೊಡನೆ ಗಾಳಿ ಜೋರಾಗಿ ಒಳನುಗ್ಗಿ ಎಂಜಿನ್ ಸರಿಹೋದರೆ, ಟ್ಯಾಂಕಿಗೆ ಗಾಳಿಯಾಡುವ ರಂಧ್ರ ಮುಚ್ಚಿದೆ ಎಂದು ತಿಳಿಯಬೇಕು.

ಇ) ಕಾದ ಮೇಲೆ ನಿಂತು, ಸ್ವಲ್ಪ ಹೊತ್ತು ತಣಿದ ನಂತರ ತಾನಾಗಿ ಚಾಲೂ ಆಗುತ್ತಿದ್ದಲ್ಲಿ ಕ್ರ್ಯಾಂಕ್ ಸೆನ್ಸರ್, ಇಗ್ನಿಷನ್ ಕಾಯಿಲ್ ಅಥವಾ ಇಂಧನ ಪಂಪನ್ನು ಪರೀಕ್ಷಿಸಬೇಕು. ಕಾರು ಗೇರಿನಲ್ಲಿ ಇನ್ನೂ ಉರುಳುತ್ತಿರುವಾಗಲೇ ಎಂಜಿನ್ ಸುತ್ತು ತೋರಿಸುವ ಮುಳ್ಳು ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲಿನ ಅನುಮಾನ ಬಲವಾಗುತ್ತದೆ.

ಈ) ದೀಪಗಳೂ ಸೇರಿದಂತೆ ಎಲ್ಲವೂ ಒಮ್ಮೆಲೇ ಹೋದರೆ ಬ್ಯಾಟರಿಯ ಟರ್ಮಿನಲ್ ಹಾಗೂ ಅರ್ತ್ ತಂತಿ ಸಡಿಲವಾಗಿವೆಯೇ ಎಂದು ಮೊದಲು ನೋಡತಕ್ಕದ್ದು.

ಉ) ಡೀಸೆಲ್ ಕಾರುಗಳಲ್ಲಿ ಫಿಲ್ಟರ್‌ನಲ್ಲಿ ನೀರು ಸೇರುವುದು ಮತ್ತು ಇಂಧನದ ಕೊಳವೆಗೆ ಗಾಳಿ ನುಗ್ಗುವುದು ಪ್ರಮುಖ ಕಾರಣಗಳಾಗಿವೆ.

ಊ) ಎಥೆನಾಲ್ ಬೆರೆಸಿದ ಪೆಟ್ರೋಲ್‌ಗೆ ನೀರು ಸೇರಿದಲ್ಲಿ ಎಥೆನಾಲ್ ನೀರಿನೊಡನೆ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಇಂಧನ ತುಂಬಿಸಿದ ಬೆನ್ನಲ್ಲೇ ತೊಂದರೆ ಆರಂಭವಾದರೆ ಇದನ್ನು ಪರಿಶೀಲಿಸಬೇಕು.

4. ಎಚ್ಚರಿಕೆಗಳು

ಎಂಜಿನ್ ಎಚ್ಚರಿಕೆ ದೀಪ ಬೆಳಗಿದ್ದಲ್ಲಿ ಸ್ಕ್ಯಾನರ್ ಮೂಲಕ ದೋಷಸಂಕೇತವನ್ನು ಓದಿಸದೆ ಬ್ಯಾಟರಿಯ ಸಂಪರ್ಕ ತಪ್ಪಿಸಬಾರದು. ದಾಖಲಾದ ಸಂಕೇತ ಅಳಿಸಿಹೋಗಬಹುದು. ಸಂಕೇತವು ದೋಷವಿರುವ ಭಾಗದ ದಿಕ್ಕನ್ನು ಮಾತ್ರ ಸೂಚಿಸುತ್ತದೆ. ತಂತಿ ಮತ್ತು ಜೋಡಣೆಗಳನ್ನು ಪರೀಕ್ಷಿಸಿದ ನಂತರವೇ ಬಿಡಿಭಾಗ ಬದಲಿಸುವುದು ಲೇಸು. ಇಂಧನದ ಭಾಗಗಳ ಬಳಿ ಬೆಂಕಿಕಡ್ಡಿ, ಬೀಡಿ, ಸಿಗರೇಟು ಬಳಸಕೂಡದು.

5. ಕಾನೂನಿನ ಅಂಶಗಳು

ಅಪಾಯಕ್ಕೆ ಎಡೆಮಾಡುವ ದೋಷವಿದೆಯೆಂದು ತಿಳಿದೂ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಾಲನೆ ಮಾಡುವುದು ಮೋಟಾರು ವಾಹನ ಕಾಯ್ದೆ, 1988ರ ಕಲಂ 190ರನ್ವಯ ಶಿಕ್ಷಾರ್ಹವಾಗಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ನವೀಕರಣಕ್ಕಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಮೊದಲ ನೋಂದಣಿಯಿಂದ ಒಂದು ವರ್ಷ ಕಳೆದ ಬಳಿಕ ಪ್ರತಿ ವಾಹನಕ್ಕೂ ಚಾಲ್ತಿಯಲ್ಲಿರುವ ಹೊಗೆ ತಪಾಸಣಾ ಪ್ರಮಾಣಪತ್ರ ಕಡ್ಡಾಯ.

ದೋಷವನ್ನು ಸರಿಪಡಿಸಿದ ನಂತರ, ಹಿಂದೆ ಎಂಜಿನ್ ನಿಲ್ಲುತ್ತಿದ್ದಂತಹ ಸ್ಥಿತಿಯಲ್ಲಿಯೇ ವಾಹನವನ್ನು ಜನಸಂಚಾರವಿಲ್ಲದ ರಸ್ತೆಯಲ್ಲಿ ಓಡಿಸಿ ಖಚಿತಪಡಿಸಿಕೊಂಡು ತಪಾಸಣೆಗೆ ಹಾಜರುಪಡಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.