ಅಡ್ಡಗೀಟು ಎಳೆದ ಬೆಲೆ



ಹೋದ ನವೆಂಬರಿನ ಕೊನೆಯ ವಾರ ನಾವು, ಅಂದರೆ ನಿಮ್ಮ ಈ ಸೇವಾ ಸಮಿತಿಯವರು, ಎಂಟು ಲ್ಯಾಪ್‌ಟಾಪ್‌ಗಳನ್ನು ಕೊಂಡೆವು. ಹೊಸದಾಗಿ ಮೆಲ್ಬರ್ನಿಗೆ ಬಂದು ಇನ್ನೂ ಕೆಲಸ ಸಿಗದೆ ಕಷ್ಟದಲ್ಲಿದ್ದ ಕುಟುಂಬಗಳ ಮಕ್ಕಳಿಗಾಗಿ. ಇಲ್ಲಿನ ಅನೇಕ ಹೈಸ್ಕೂಲುಗಳಲ್ಲಿ ಮಕ್ಕಳೇ ಲ್ಯಾಪ್‌ಟಾಪ್ ತರಬೇಕೆಂಬ ನಿಯಮ ಇರುವುದು ನಿಮಗೆಲ್ಲ ಗೊತ್ತೇ ಇದೆ. ಜನವರಿ ಮುಗಿಯುವಷ್ಟರಲ್ಲಿ ಶಾಲೆ ಶುರುವಾಗುತ್ತದೆ.

ಬ್ಲ್ಯಾಕ್ ಫ್ರೈಡೇ ಸೇಲ್ ನಡೆಯುತ್ತಿತ್ತು. ಇಂಟರ್‌ನೆಟ್ಟಿನ ಅಂಗಡಿಯೊಂದರಲ್ಲಿ 999 ಡಾಲರಿಗೆ ಅಡ್ಡಗೀಟು ಎಳೆದು, ಕೆಳಗೆ ಕೆಂಪು ಅಕ್ಷರದಲ್ಲಿ 649 ಎಂದು ಬರೆದಿದ್ದರು. ಪಕ್ಕದಲ್ಲೇ ಒಂದು ಗಡಿಯಾರ, ಇನ್ನು ಎರಡೇ ಗಂಟೆ ಬಾಕಿ ಎಂದು ಓಡುತ್ತಿತ್ತು. ರಾತ್ರಿ ಹತ್ತೂವರೆಗೆ ಒಬ್ಬರಿಗೊಬ್ಬರು ಫೋನ್ ಮಾಡಿ, ಗಡಿಯಾರ ನಿಲ್ಲುವ ಮೊದಲೇ ಹಣ ಕಟ್ಟಿ ಮುಗಿಸಿದೆವು. ಒಂದಕ್ಕೆ 350 ಉಳಿತಾಯ, ಎಂಟಕ್ಕೆ 2,800 ಡಾಲರ್! ಡಿಸೆಂಬರಿನ ಸಭೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳಿದೆವು, ಚಪ್ಪಾಳೆಯೂ ಬಿತ್ತು. ಆ ಉತ್ಸಾಹದಲ್ಲಿ ಉಳಿದ ಹಣದಿಂದ ಇನ್ನೂ ನಾಲ್ಕು ಮಕ್ಕಳಿಗೆ ಕೊಡುತ್ತೇವೆಂದು ಘೋಷಿಸಿ, ಆ ನಾಲ್ಕು ಮನೆಗಳಿಗೂ ತಿಳಿಸಿಬಿಟ್ಟೆವು.

ಜನವರಿಯಲ್ಲಿ ಲೆಕ್ಕ ನೋಡುವ ಹಿರಿಯರು ಕೇಳಿದರು, “ಎಲ್ಲಿದೇರೀ ಆ ಎರಡು ಸಾವಿರದ ಎಂಟುನೂರು?” ಖಜಾಂಚಿಗಳು ಬ್ಯಾಂಕಿನ ಲೆಕ್ಕ ತಿರುವಿ ನೋಡಿದರು. ಎಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ? ಆಗಸ್ಟಿನಲ್ಲಿ ಬಜೆಟ್ ಮಾಡುವಾಗ ಅದೇ ಅಂಗಡಿಯ ಅದೇ ಲ್ಯಾಪ್‌ಟಾಪಿನ ಪುಟವನ್ನು ನಮ್ಮವರೊಬ್ಬರು ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟಿದ್ದರು. ಅದರಲ್ಲಿದ್ದ ಬೆಲೆ 649 ಡಾಲರ್. ಸೇಲ್ ಇಲ್ಲ, ಗೀಟೂ ಇಲ್ಲ. ಎಂಟಕ್ಕೆ 5,192 ಡಾಲರ್ ಎಂದು ನಾವೇ ಬರೆದುಕೊಂಡಿದ್ದೆವು, ಅಷ್ಟನ್ನೇ ಖರ್ಚು ಮಾಡಿದ್ದೆವು.

ನಿಮ್ಮ ಕಾಣಿಕೆಯ ಹಣ ಕಳೆದುಹೋಗಲಿಲ್ಲ, ನಿಜ. ಆದರೆ ಇಲ್ಲದ ಹಣವನ್ನು ನಂಬಿ ನಾಲ್ಕು ಕುಟುಂಬಗಳಿಗೆ ಮಾತು ಕೊಟ್ಟಿದ್ದೆವು. ಹಾಗಾಗಿ ಈ ಸೇಲ್‌ಗಳ ಒಳಗುಟ್ಟು ಏನೆಂದು ಸ್ವಲ್ಪ ಓದಿ, ಕೇಳಿ ತಿಳಿದುಕೊಂಡೆವು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ರಿಯಾಯಿತಿ ಎಂದರೆ ಎರಡು ಬೆಲೆಗಳ ನಡುವಿನ ಅಂತರ. ಕೆಳಗಿನ ಬೆಲೆ ಸುಳ್ಳಾಗಿರಲು ಸಾಧ್ಯವಿಲ್ಲ, ಏಕೆಂದರೆ ಅದನ್ನು ನಾವು ಕೈಯಾರೆ ಕೊಡುತ್ತೇವೆ. ಸುಳ್ಳು ಇದ್ದರೆ ಮೇಲಿನ, ಗೀಟು ಎಳೆದ ಬೆಲೆಯಲ್ಲಿ. ಚಿಕ್ಕಪೇಟೆಯಲ್ಲಿ ಸೀರೆಗೆ ಎರಡು ಸಾವಿರ ಹೇಳಿದರೆ ನಮ್ಮ ಅಮ್ಮಂದಿರು ಒಂದು ಸಾವಿರದಿಂದ ಚೌಕಾಸಿ ಶುರು ಮಾಡುತ್ತಿದ್ದರು. ಮೊದಲು ಹೇಳಿದ್ದು ನಿಜವಾದ ಬೆಲೆಯಲ್ಲ ಎಂದು ಇಬ್ಬರಿಗೂ ಗೊತ್ತಿರುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ನಡೆಯುವುದೂ ಅದೇ ಆಟ. ಆದರೆ ಇಲ್ಲಿ ಎರಡು ಸಾವಿರ ಹೇಳುವವನೂ ಅಂಗಡಿಯವನೇ, ನಮ್ಮ ಪರವಾಗಿ ಚೌಕಾಸಿ ಮಾಡಿ ಒಂದಕ್ಕೆ ಇಳಿಸುವವನೂ ಅವನೇ. ಗೆದ್ದವರು ನಾವೆಂಬ ಸಂತೋಷ ಮಾತ್ರ ನಮ್ಮದು!

ಆ ಮೇಲಿನ ಬೆಲೆಯಲ್ಲೂ ಎರಡು ಬಗೆಯಿದೆ. ಒಂದು, ಅದೇ ಅಂಗಡಿಯ ಹಿಂದಿನ ಬೆಲೆ. ಇನ್ನೊಂದು ಆರ್.ಆರ್.ಪಿ., ಅಂದರೆ ತಯಾರಕರು ಸೂಚಿಸಿದ ಬೆಲೆ. ನಾವು ಎಡವುವುದು ಹೆಚ್ಚಾಗಿ ಈ ಎರಡನೆಯದರಲ್ಲಿ. ಊರಿನಲ್ಲಿ ಪೊಟ್ಟಣದ ಮೇಲೆ ಎಂ.ಆರ್.ಪಿ. ಅಚ್ಚಾಗಿರಲೇಬೇಕು, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಮಾರುವಂತಿಲ್ಲ. ಆ ಅಭ್ಯಾಸದಿಂದ ಇಲ್ಲಿನ ಆರ್.ಆರ್.ಪಿ.ಗೂ ಕಾನೂನಿನ ಬಲವಿದೆ ಎಂದುಕೊಳ್ಳುತ್ತೇವೆ. ಹಾಗೇನೂ ಇಲ್ಲ. ಅದು ಬರೀ ಸಲಹೆ. ಅಂಗಡಿಯವರು ಹೆಚ್ಚಿಗೂ ಮಾರಬಹುದು, ಕಡಿಮೆಗೂ ಮಾರಬಹುದು. ಆ ಬೆಲೆಗೆ ಯಾರೂ ಎಂದೂ ಮಾರಿರದಿದ್ದರೂ ಅದನ್ನು ತೋರಿಸಿ ಇಷ್ಟು ಉಳಿತಾಯ ಎಂದರೆ ಅದು ದಾರಿ ತಪ್ಪಿಸುವ ಮಾತಾಗಬಹುದು ಎನ್ನುತ್ತದೆ ಎ.ಸಿ.ಸಿ.ಸಿ., ಅಂದರೆ ಆಸ್ಟ್ರೇಲಿಯದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ.

ಹಿಂದಿನ ಬೆಲೆಯ ಕಥೆಗೆ ಒಳ್ಳೆಯ ಉದಾಹರಣೆ 2018ರ ಕೋಗನ್ ಪ್ರಕರಣ. ಆ ವರ್ಷ ಜೂನ್ ಕೊನೆಯಲ್ಲಿ, ತೆರಿಗೆ ವರ್ಷ ಮುಗಿಯುವ ಹೊತ್ತಿಗೆ, ‘ಟ್ಯಾಕ್ಸ್‌ಟೈಮ್’ ಎಂಬ ಕೋಡ್ ಹಾಕಿದರೆ 10% ಕಡಿತ ಎಂದು ಕೋಗನ್ ಆಸ್ಟ್ರೇಲಿಯ ಕಂಪನಿ ಪ್ರಚಾರ ಮಾಡಿತು. ಆದರೆ ಅದಕ್ಕೆ ಸ್ವಲ್ಪ ಮುಂಚೆ 600ಕ್ಕೂ ಹೆಚ್ಚು ವಸ್ತುಗಳ ಬೆಲೆಯನ್ನು ಏರಿಸಿತ್ತು, ಬಹುಪಾಲು ವಸ್ತುಗಳಿಗೆ ಕನಿಷ್ಠ 10%. ಲೆಕ್ಕ ಹಾಕಿ ನೋಡಿ. ನೂರು ಡಾಲರಿನ ವಸ್ತುವನ್ನು 110ಕ್ಕೆ ಏರಿಸಿ ಅದರಲ್ಲಿ 10% ಕಳೆದರೆ 99. ಹನ್ನೊಂದು ಡಾಲರ್ ಉಳಿಯಿತೆಂದು ಖುಷಿಪಟ್ಟವರಿಗೆ ಉಳಿದದ್ದು ಒಂದೇ ಡಾಲರ್. ಪ್ರಚಾರ ಮುಗಿದ ಮೇಲೆ ಅನೇಕ ವಸ್ತುಗಳ ಬೆಲೆ ಮತ್ತೆ ಮೊದಲಿನ ಜಾಗಕ್ಕೆ ಇಳಿಯಿತು. ಆಯೋಗ ಮೊಕದ್ದಮೆ ಹೂಡಿತು. 2020ರ ಡಿಸೆಂಬರಿನಲ್ಲಿ ಫೆಡರಲ್ ಕೋರ್ಟ್ 3,50,000 ಡಾಲರ್ ದಂಡ ವಿಧಿಸಿತು.

ದಿನಸಿಯೂ ಇದಕ್ಕೆ ಹೊರತಲ್ಲ. 2024ರ ಸೆಪ್ಟೆಂಬರಿನಲ್ಲಿ ಆಯೋಗ ವೂಲ್‌ವರ್ತ್ಸ್ ಮತ್ತು ಕೋಲ್ಸ್ ಎರಡರ ಮೇಲೂ ಇಂಥದೇ ಮೊಕದ್ದಮೆ ಹೂಡಿತು. ಎರಡೂ ಕಂಪನಿಗಳು ಆರೋಪವನ್ನು ಒಪ್ಪಲಿಲ್ಲ. ದೂರಿನಲ್ಲಿದ್ದ ಒಂದು ಉದಾಹರಣೆ ನಮ್ಮ ಮಕ್ಕಳಿಗೆಲ್ಲ ಪರಿಚಯವಿರುವ ಓರಿಯೋ ಬಿಸ್ಕತ್ತಿನದು. ದೊಡ್ಡ ಪೊಟ್ಟಣಕ್ಕೆ ಹೆಚ್ಚುಕಡಿಮೆ ಎರಡು ವರ್ಷ 3.50 ಡಾಲರ್ ಇತ್ತು. 2022ರ ನವೆಂಬರ್ ಕೊನೆಯಲ್ಲಿ ಅದು 5 ಡಾಲರ್ ಆಗಿ, 22 ದಿನ ಹಾಗೇ ಇದ್ದು, ಆಮೇಲೆ ‘ಬೆಲೆ ಇಳಿದಿದೆ’ ಎಂಬ ಚೀಟಿಯೊಂದಿಗೆ 4.50ಕ್ಕೆ ಬಂತು. ಐದಕ್ಕೆ ಹೋಲಿಸಿದರೆ ಇಳಿಕೆ, ಮೂರೂವರೆಗೆ ಹೋಲಿಸಿದರೆ ಒಂದು ಡಾಲರ್ ಏರಿಕೆ.

ಹಾಗಾದರೆ ಎಷ್ಟು ದಿನ ಆ ಬೆಲೆಗೆ ಮಾರಿರಬೇಕು? ಇಲ್ಲಿನ ಕಾನೂನಿನಲ್ಲಿ ಇಷ್ಟೇ ದಿನ ಎಂಬ ಲೆಕ್ಕವಿಲ್ಲ, ‘ತಕ್ಕಷ್ಟು ಕಾಲ’ ಎನ್ನುತ್ತಾರೆ. ಜರ್ಮನಿಯಲ್ಲಿರುವ ನಮ್ಮ ಬಂಧುಗಳ ಪಾಡು ಇದಕ್ಕಿಂತ ವಾಸಿ. ಐರೋಪ್ಯ ಒಕ್ಕೂಟದಲ್ಲಿ 2022ರ ಮೇ 28ರಿಂದ, ಬೆಲೆ ಇಳಿಸಿದ್ದೇವೆ ಎನ್ನುವ ಅಂಗಡಿ ಅದಕ್ಕೆ ಹಿಂದಿನ 30 ದಿನಗಳಲ್ಲಿ ಇದ್ದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. 2024ರಲ್ಲಿ ಅಲ್ಲಿನ ನ್ಯಾಯಾಲಯ, ಶೇಕಡಾವಾರು ಕಡಿತವನ್ನೂ ಆ ಬೆಲೆಯ ಮೇಲೇ ಲೆಕ್ಕ ಹಾಕಬೇಕೆಂದು ತೀರ್ಪು ಕೊಟ್ಟಿತು. ಇಲ್ಲಿಯೂ ಹಾಗೆ ಒಂದು ಸಂಖ್ಯೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಮಗೆ ಅನ್ನಿಸುತ್ತದೆ.

‘ಇಡೀ ಅಂಗಡಿಗೆ ಕಡಿತ’ ಎಂಬ ಮಾತಿನ ಬಗ್ಗೆಯೂ ಎಚ್ಚರವಿರಲಿ. 2024ರ ಬ್ಲ್ಯಾಕ್ ಫ್ರೈಡೇಯಲ್ಲಿ ಎಲ್ಲ ವಸ್ತುಗಳಿಗೂ ಕಡಿತ ಎಂಬಂತೆ ಜಾಹೀರಾತು ಕೊಟ್ಟು, ಕೆಲವನ್ನು ಹೊರಗಿಟ್ಟಿದ್ದಾರೆಂಬ ಆರೋಪಕ್ಕೆ ಮೂರು ವ್ಯಾಪಾರಿ ಸಂಸ್ಥೆಗಳು 2025ರಲ್ಲಿ ತಲಾ 19,800 ಡಾಲರ್ ದಂಡ ಕಟ್ಟಿದವು.

ಎಲ್ಲ ಸೇಲ್‌ಗಳೂ ಮೋಸ ಎಂದು ನಾವು ಹೇಳುತ್ತಿಲ್ಲ. ಊರಿನ ಆಷಾಢದ ರಿಯಾಯಿತಿಯನ್ನೇ ನೋಡಿ. ಆ ತಿಂಗಳು ಮದುವೆ ಮುಂಜಿಗಳಿಲ್ಲ, ಅಂಗಡಿಗೆ ಜನ ಬರುವುದಿಲ್ಲ, ಅದಕ್ಕೇ ಬೆಲೆ ಇಳಿಸುತ್ತಾರೆ. ಕಾರಣ ಕಣ್ಣಿಗೆ ಕಾಣುತ್ತದೆ. ಇಲ್ಲಿಯೂ ಜೂನ್ ಕೊನೆಗೆ ದಾಸ್ತಾನು ಖಾಲಿ ಮಾಡುವಾಗ, ಹೊಸ ಮಾಡೆಲ್ ಬಂದು ಹಳೆಯದು ಉಳಿದಾಗ, ಚಳಿ ಕಳೆದ ಮೇಲೆ ಹೀಟರ್ ಮಾರುವಾಗ ನಿಜವಾಗಿಯೂ ಅಗ್ಗಕ್ಕೆ ಸಿಗುತ್ತದೆ. ಈಗ ನಾವು ಮೊದಲು ಕೇಳಿಕೊಳ್ಳುವುದು, ಇವರು ಯಾಕೆ ಇಳಿಸುತ್ತಿದ್ದಾರೆ ಎಂದೇ.

ಎರಡನೆಯದು ನಮ್ಮ ಆಗಸ್ಟಿನ ಪ್ರಿಂಟ್ ಕಲಿಸಿದ ಪಾಠ. ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಯಾರಿಗೆ ಏನು ಒಯ್ಯಬೇಕೆಂಬ ಪಟ್ಟಿಯನ್ನು ಎಲ್ಲರೂ ಮಾಡುತ್ತೇವಲ್ಲ, ಅದನ್ನು ಸೆಪ್ಟೆಂಬರಿನಲ್ಲೇ ಮಾಡಿ, ಪ್ರತಿ ವಸ್ತುವಿನ ಮುಂದೆ ಅಂದಿನ ಬೆಲೆಯನ್ನೂ ತಾರೀಖನ್ನೂ ಬರೆದಿಡಿ. ಫೋನಿನಲ್ಲಿ ಆ ಪುಟದ ಫೋಟೋ ತೆಗೆದರೂ ಸಾಕು. ಅಮೆಜಾನಿನ ಆಸ್ಟ್ರೇಲಿಯ ಅಂಗಡಿಯ ವಸ್ತುಗಳಿಗಾದರೆ ಕ್ಯಾಮೆಲ್‌ಕ್ಯಾಮೆಲ್‌ಕ್ಯಾಮೆಲ್ ಎಂಬ ತಾಣ ಹಿಂದಿನ ಬೆಲೆಗಳ ಏರಿಳಿತವನ್ನು ಪುಕ್ಕಟೆಯಾಗಿ ತೋರಿಸುತ್ತದೆ. ಇನ್ನೊಂದೆರಡು ಅಂಗಡಿಗಳಲ್ಲಿ ಅದೇ ಮಾಡೆಲ್ ನಂಬರ್ ಹುಡುಕಿ ನೋಡುವುದಕ್ಕೂ ಐದು ನಿಮಿಷ ಸಾಕು.

ಓಡುವ ಗಡಿಯಾರಕ್ಕೆ ಹೆದರಬೇಡಿ. ನಾವು ಹೆದರಿ ಕೊಂಡ ಗಡಿಯಾರ ಮರುದಿನ ಬೆಳಿಗ್ಗೆ ಮತ್ತೆ ಹೊಸದಾಗಿ ಓಡುತ್ತಿತ್ತು. ಅವಸರ ಮಾಡದೆ, ಎಂಟು ಕೊಳ್ಳುತ್ತೇವೆ ಎಂದು ಅಂಗಡಿಗೆ ಫೋನ್ ಮಾಡಿ ಕೇಳಿದ್ದರೆ ನಿಜವಾದ ಕಡಿತವೇ ಸಿಗುತ್ತಿತ್ತೋ ಏನೋ.

ಸೇಲ್‌ನಲ್ಲಿ ಕೊಂಡದ್ದು ಕೆಟ್ಟಿದ್ದರೆ ಸುಮ್ಮನಿರಬೇಡಿ. ಸೇಲ್ ವಸ್ತುವಿಗೆ ಹಣ ವಾಪಸಿಲ್ಲ ಎಂಬ ಬೋರ್ಡು ಹಾಕುವುದೇ ಇಲ್ಲಿ ಕಾನೂನಿಗೆ ವಿರುದ್ಧ, ದೋಷವಿದ್ದರೆ ನಿಮ್ಮ ಹಕ್ಕು ಹಾಗೆಯೇ ಇರುತ್ತದೆ. ಮನಸ್ಸು ಬದಲಾಯಿತೆಂದು ಹಿಂದಿರುಗಿಸುವುದು ಮಾತ್ರ ಅಂಗಡಿಯವರ ಇಷ್ಟ. ಸುಳ್ಳು ರಿಯಾಯಿತಿ ಕಂಡರೆ ಎ.ಸಿ.ಸಿ.ಸಿ.ಗೆ ತಿಳಿಸಬಹುದು, ಆದರೆ ಅವರು ಒಬ್ಬೊಬ್ಬರ ತಕರಾರನ್ನು ಬಗೆಹರಿಸುವುದಿಲ್ಲ. ಅದಕ್ಕೆ ನಮ್ಮ ರಾಜ್ಯದಲ್ಲಿ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯ ಇದೆ.

ಇನ್ನು ಆ ನಾಲ್ಕು ಮಕ್ಕಳ ವಿಷಯ. ಶಾಲೆ ಶುರುವಾಗಿ ಮೂರು ವಾರದ ಮೇಲೆ, ಸಮಿತಿಯ ಸದಸ್ಯರೆಲ್ಲ ಕೈಯಿಂದ ಹಾಕಿ, ದುರಸ್ತಿ ಮಾಡಿ ಮಾರುವ ಹಳೆಯ ಲ್ಯಾಪ್‌ಟಾಪ್‌ಗಳನ್ನು ಇಬ್ಬರಿಗೆ ಕೊಡಿಸಿದೆವು. ಮೂರನೆಯದನ್ನು ಸದಸ್ಯರೊಬ್ಬರು ತಮ್ಮ ಮನೆಯದನ್ನೇ ಕೊಟ್ಟರು. ನಾಲ್ಕನೆಯ ಹುಡುಗಿ ವರ್ಷವಿಡೀ ಶಾಲೆಯ ಲೈಬ್ರರಿಯಿಂದ ಎರವಲು ತಂದು ಓದುತ್ತಿದ್ದಾಳೆ. ಈ ಸಂಚಿಕೆಯ ಕೊನೆಯ ಪುಟದಲ್ಲಿರುವ ಬೇಡಿಕೆಗಳ ಪಟ್ಟಿಯಲ್ಲಿ ಮೊದಲನೆಯದು ಅವಳ ಲ್ಯಾಪ್‌ಟಾಪ್. ಅದರ ಮುಂದೆ ಬರೆದಿರುವುದು ನಾವು ಕೊಡಬೇಕಾದ ಬೆಲೆ, ಮೂರು ಅಂಗಡಿಗಳಲ್ಲಿ ವಿಚಾರಿಸಿದ್ದೇವೆ.