ಸೋಡಾ ಅಂಗಡಿಯ ಆದಾಯದಲ್ಲಿ ಬೆಳೆದ ದಂತ ಕಾಲೇಜು: ಡಾ. ರಫೀಉದ್ದೀನ್ ಅಹ್ಮದ್

ಕಳೆದ ವರ್ಷ ನೀಟ್ ಫಲಿತಾಂಶ ಬಂದ ವಾರ ನನ್ನ ತಮ್ಮ ಅಂಗಡಿಗೆ ಬಂದು ಗಲ್ಲಾದ ಪಕ್ಕದ ಸ್ಟೂಲ್ ಮೇಲೆ ಕುಳಿತ. ಮಗಳಿಗೆ ಎಂಬಿಬಿಎಸ್ ಸಿಗುವಷ್ಟು ಅಂಕ ಬಂದಿಲ್ಲ, ಬಿಡಿಎಸ್ ಸಿಗುತ್ತದೆ, ಏನು ಮಾಡೋಣ ಅಂದ. ನಾನು ಯೋಚನೆಯನ್ನೇ ಮಾಡದೆ, "ಹಲ್ಲು ಕೀಳೋ ಕೆಲಸಕ್ಕೆ ಐದು ವರ್ಷ ಯಾಕೆ ಓದಬೇಕು, ಇನ್ನೊಂದು ವರ್ಷ ಕೋಚಿಂಗ್‌ಗೆ ಹಾಕು" ಅಂದುಬಿಟ್ಟೆ. ಹುಡುಗಿ ಅಲ್ಲೇ ನಿಂತಿದ್ದಳು. "ದೊಡ್ಡಪ್ಪ, ವರ್ಷಾ ವರ್ಷ ದಂತ ತಪಾಸಣಾ ಶಿಬಿರ ಮಾಡಿಸೋದು ನೀವೇ ಅಲ್ವಾ?" ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಪ್ರತಿ ವರ್ಷ ಇದೇ ಮಾತು ನಡೆಯುತ್ತದೆ. ಬಿಡಿಎಸ್ ಎಂದರೆ ಎಂಬಿಬಿಎಸ್ ಸಿಗದವರ ದಾರಿ ಎಂಬ ಭಾವನೆ ಇದೆ. ನಾನು ಓದಿದ್ದು ಪಿಯುಸಿ ಮಾತ್ರ, ವೈದ್ಯಕೀಯದ ವಿಷಯ ಹೇಳುವ ಅಧಿಕಾರ ನನಗಿಲ್ಲ. ಆದರೂ ಆ ದಿನದಿಂದ ಬಿಡುವಿದ್ದಾಗ ಓದುತ್ತಾ ಹೋದೆ, ಪರಿಚಯದ ದಂತವೈದ್ಯರನ್ನು ಕೇಳಿದೆ. ಭಾರತದಲ್ಲಿ ಈ ವಿದ್ಯೆಯನ್ನು ಶುರು ಮಾಡಿದವರ ಹೆಸರು ಆಗ ಸಿಕ್ಕಿತು. ಅವರೂ ಒಂದು ಅಂಗಡಿಯ ಗಲ್ಲಾದಿಂದಲೇ ಕಾಲೇಜು ಕಟ್ಟಿದರು ಎಂದು ತಿಳಿದ ಮೇಲೆ, ನಾಲ್ಕು ಜನರಿಗೆ ಹೇಳಬೇಕು ಅನ್ನಿಸಿತು.

ರಫೀಉದ್ದೀನ್ ಅಹ್ಮದ್ ಹುಟ್ಟಿದ್ದು 1890ರ ಡಿಸೆಂಬರ್ 24ರಂದು, ಪೂರ್ವ ಬಂಗಾಳದ ಬರ್ಧನ್‌ಪಾರಾದಲ್ಲಿ. ಅದು ಈಗ ಬಾಂಗ್ಲಾದೇಶಕ್ಕೆ ಸೇರಿದೆ. ಢಾಕಾದ ಮದರಸಾದಲ್ಲಿ ಮೊದಲ ಓದು, ಆಮೇಲೆ 1908ರಲ್ಲಿ ಅಲಿಗಢದಲ್ಲಿ ಪದವಿ. ಮರುವರ್ಷ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಆಗ ಅನುಕೂಲಸ್ಥರ ಮಕ್ಕಳು ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬರುತ್ತಿದ್ದರು. ಇವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಸೇರಿ, 1915ರಲ್ಲಿ ದಂತವೈದ್ಯ ಪದವಿ ಪಡೆದರು. ಹೊರಗೆ ಮೊದಲ ಮಹಾಯುದ್ಧ ನಡೆದಿತ್ತು. ಊರಿಗೆ ಮರಳದೆ ಬಾಸ್ಟನ್ ನಗರದ ಫೋರ್ಸೈತ್ ದಂತ ಚಿಕಿತ್ಸಾಲಯದಲ್ಲಿ 1918ರವರೆಗೆ ಕೆಲಸ ಮಾಡಿದರು. ಅದು ಮಕ್ಕಳಿಗೆಂದೇ, ಅದರಲ್ಲೂ ಬಡ ಮಕ್ಕಳಿಗೆಂದು ಕಟ್ಟಿಸಿದ ಆಸ್ಪತ್ರೆ.

ಮಕ್ಕಳ ಹಲ್ಲಿಗೇ ಒಂದು ಆಸ್ಪತ್ರೆ ಯಾಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಶಿಬಿರಗಳಲ್ಲಿ ತಾಯಂದಿರು ಹೇಳುವ ಮಾತು ಒಂದೇ: "ಹಾಲು ಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ." ನಾನೂ ಹಾಗೇ ತಿಳಿದಿದ್ದೆ. ಹಾಲು ಹಲ್ಲು ಒಟ್ಟು 20. ಅವು ಅಗಿಯುವುದಕ್ಕಷ್ಟೇ ಅಲ್ಲ, ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದುಕೊಂಡಿರುತ್ತವೆ. ಹುಳುಕಾಗಿ ಬೇಗ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಆಮೇಲೆ ಬರುವುದು ಸೊಟ್ಟಗೆ ಬರುತ್ತದೆ. ಇನ್ನೊಂದು ವಿಷಯ ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಸುಮಾರು ಆರನೇ ವರ್ಷಕ್ಕೆ, ಇರುವ ಹಾಲು ಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಮೇಲೂ ಕೆಳಗೂ ಎರಡೂ ಕಡೆ ಬರುತ್ತದೆ. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ತಂದೆತಾಯಿ ಅದನ್ನೂ ಹಾಲು ಹಲ್ಲು ಎಂದೇ ಎಣಿಸುತ್ತಾರೆ. ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಹುಟ್ಟುವುದಿಲ್ಲ. ಆರೇಳು ವರ್ಷದ ಮೊಮ್ಮಕ್ಕಳಿದ್ದರೆ ಇವತ್ತೇ ಬಾಯಿ ತೆರೆಸಿ ನೋಡಿ.

1919ರಲ್ಲಿ ಅಹ್ಮದ್ ಭಾರತಕ್ಕೆ ಬಂದರು. ಈ ದೇಶದಲ್ಲಿ ಆಗ ದಂತವೈದ್ಯ ಕಾಲೇಜು ಒಂದೂ ಇರಲಿಲ್ಲ. ವಿದೇಶದಲ್ಲಿ ಕಲಿತು ಬಂದ ಕೆಲವರು ದೊಡ್ಡ ನಗರಗಳಲ್ಲಿದ್ದರು, ಉಳಿದಂತೆ ಸಂತೆ ಜಾತ್ರೆಗಳಲ್ಲಿ ಕೂತು ಹಲ್ಲು ಕೀಳುವವರೇ ಗತಿ. ಇವರು 1920ರಲ್ಲಿ ಕಲ್ಕತ್ತೆಯಲ್ಲಿ ದಂತ ಕಾಲೇಜು ತೆರೆದರು. ಸರಕಾರದ ಅನುದಾನ ಇಲ್ಲ. ಖರ್ಚಿಗೆ ಅವರು ಹೂಡಿದ ಉಪಾಯವೆಂದರೆ 'ನ್ಯೂಯಾರ್ಕ್ ಸೋಡಾ ಫೌಂಟನ್' ಎಂಬ ಅಂಗಡಿ. ಅಮೆರಿಕದಲ್ಲಿ ಅಂಥ ಅಂಗಡಿಗಳು ಬೀದಿಗೊಂದು ಇದ್ದವು. ಅದರ ಆದಾಯ ಕಾಲೇಜಿಗೆ ಹೋಯಿತು. ಸಿಹಿ ಸೋಡಾ ಮಾರಿ ಹಲ್ಲಿನ ಕಾಲೇಜು ನಡೆಸಿದ್ದು ನೆನೆದರೆ ನಗು ಬರುತ್ತದೆ, ಗಿರಾಕಿಗಳೂ ರೋಗಿಗಳೂ ಒಬ್ಬರೇ ಆಗಿದ್ದಾರು! ಆದರೆ ನಲವತ್ತು ವರ್ಷ ಅಂಗಡಿ ನಡೆಸಿದ ನನಗೆ ಒಂದು ಗೊತ್ತು. ಲಾಭದ ಹಣ ಕೈಗೆ ಬಂದಾಗ ಅದನ್ನು ಮತ್ತೆ ಮಾಲಿಗೆ ಹಾಕಬೇಕು ಅನ್ನಿಸುತ್ತದೆಯೇ ಹೊರತು, ಎಂದೂ ಲಾಭ ಕೊಡದ ಕೆಲಸಕ್ಕೆ ಹಾಕಬೇಕು ಅನ್ನಿಸುವುದಿಲ್ಲ. ಹೀಗೆ ನಡೆಸಿಕೊಂಡು ಬಂದ ಕಾಲೇಜನ್ನು 1949ರಲ್ಲಿ ಪಶ್ಚಿಮ ಬಂಗಾಳ ಸರಕಾರಕ್ಕೆ ಒಪ್ಪಿಸಿದರು. ಕೋಲ್ಕತ್ತಾದ ಆ ಕಾಲೇಜಿಗೆ ಈಗ ಅವರದೇ ಹೆಸರಿದೆ.

ಅಲ್ಲಿ ಕಲಿತವರಲ್ಲಿ ಒಬ್ಬರು ಫಾತಿಮಾ ಜಿನ್ನಾ, ಮಹಮದ್ ಅಲಿ ಜಿನ್ನಾ ಅವರ ತಂಗಿ. 1923ರಲ್ಲಿ ಬೊಂಬಾಯಿಯಲ್ಲಿ ಸ್ವಂತ ದಂತ ಚಿಕಿತ್ಸಾಲಯ ತೆರೆದಿದ್ದರು. ಅಂದರೆ ನೂರು ವರ್ಷದ ಹಿಂದೆಯೇ ಹೆಣ್ಣುಮಗಳೊಬ್ಬಳು ಈ ವಿದ್ಯೆ ಕಲಿತು ಬೋರ್ಡು ಹಾಕಿದ್ದಳು. ನಾವಿನ್ನೂ ಯೋಚನೆ ಮಾಡುತ್ತಾ ಕೂತಿದ್ದೇವೆ.

ಕಾಲೇಜು ತೆರೆದರೆ ಸಾಕೇ, ಓದಲು ಪುಸ್ತಕ ಬೇಕು. 1925ರಲ್ಲಿ ಅವರು ಇಂಡಿಯನ್ ಡೆಂಟಲ್ ಜರ್ನಲ್ ಎಂಬ ಪತ್ರಿಕೆ ಶುರು ಮಾಡಿ, 1946ರವರೆಗೆ ತಾವೇ ಸಂಪಾದಕರಾಗಿದ್ದರು. ನಮ್ಮ ಊರಿನ ಸಂಘದ ವಾರ್ತಾಪತ್ರ ಮೂರೇ ಸಂಚಿಕೆಗೆ ನಿಂತಿತು, ಆದ್ದರಿಂದ ಇಪ್ಪತ್ತು ವರ್ಷದ ಬೆಲೆ ನನಗೆ ಗೊತ್ತು. ಅದೇ 1925ರಲ್ಲಿ ಬಂಗಾಳ ದಂತವೈದ್ಯರ ಸಂಘ ಕಟ್ಟಿದರು. ಮುಂದೆ ಅದೇ ಭಾರತೀಯ ದಂತವೈದ್ಯ ಸಂಘವಾಯಿತು. 1928ರಲ್ಲಿ ಆಪರೇಟಿವ್ ಡೆಂಟಿಸ್ಟ್ರಿ ಬಗ್ಗೆ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿ ಬರೆದರು.

ಈ ಆಪರೇಟಿವ್ ಡೆಂಟಿಸ್ಟ್ರಿ ಎಂದರೆ ಸುಲಭವಾಗಿ ಹೇಳಬೇಕಾದರೆ ಹಲ್ಲನ್ನು ಕೀಳದೆ ಉಳಿಸುವ ವಿದ್ಯೆ. ಹಲ್ಲಿಗೆ ಅಂಟಿದ ಪದರದಲ್ಲಿ ಸೂಕ್ಷ್ಮಜೀವಿಗಳು ಇರುತ್ತವೆ. ನಾವು ತಿಂದ ಸಕ್ಕರೆಯನ್ನು ಅವು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ನಾವು ಹೇಳುವ 'ಹುಳ' ಅಲ್ಲಿ ಯಾವುದೂ ಇಲ್ಲ. ಎಂಜಲು ಆ ಆಮ್ಲವನ್ನು ತಣಿಸಿ ಹಲ್ಲನ್ನು ಸ್ವಲ್ಪ ಸ್ವಲ್ಪ ದುರಸ್ತಿ ಮಾಡುತ್ತಿರುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಅದಕ್ಕೇ ಊಟದ ಜೊತೆ ಒಂದು ಸಲ ಸಿಹಿ ತಿನ್ನುವುದಕ್ಕಿಂತ, ಅಂಗಡಿಯಲ್ಲಿ ಕೂತು ಗಂಟೆಗೊಮ್ಮೆ ಸಕ್ಕರೆ ಚಹಾ ಕುಡಿಯುವುದು ಹೆಚ್ಚು ಕೆಟ್ಟದ್ದು. ಇದನ್ನು ಬರೆಯುವಾಗ ನನ್ನ ಪಕ್ಕದಲ್ಲೇ ಲೋಟ ಇದೆ. ಕೊಳೆತ ಭಾಗವನ್ನಷ್ಟೇ ಕೊರೆದು ತೆಗೆದು, ಗುಳಿಯನ್ನು ಸರಿಯಾದ ಆಕಾರಕ್ಕೆ ತಂದು, ತುಂಬಿ ಮುಚ್ಚಿದರೆ ಹಲ್ಲು ಎಷ್ಟೋ ವರ್ಷ ಬಾಳುತ್ತದೆ. ಕೀಳುವುದು ಕೊನೆಯ ಮಾತು.

ಆ ಕೊನೆಯ ಮಾತೇ ನನಗೆ ಮೊದಲು ಆಗಿದ್ದು. ನಾನು ಐದನೇ ಕ್ಲಾಸಿನಲ್ಲಿದ್ದಾಗ ದವಡೆ ನೋವಿಗೆ ಅಪ್ಪ ನನ್ನನ್ನು ಸಂತೆಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬರು ಸ್ಟೂಲ್ ಮೇಲೆ ಕೂರಿಸಿ, ಲವಂಗದ ಎಣ್ಣೆ ಹಚ್ಚಿ, ಇಕ್ಕಳ ಹಾಕಿ ಎಳೆದರು. ಹದಿನೈದು ದಿನ ಕೆನ್ನೆ ಊದಿತ್ತು. ಆ ಜಾಗದಲ್ಲಿ ಇವತ್ತಿಗೂ ಹಲ್ಲಿಲ್ಲ. ಅದು ಅದೇ ಆರನೇ ವರ್ಷದ ಹಲ್ಲು ಎಂದು ಶಿಬಿರದ ಡಾಕ್ಟರು ಹೇಳಿದ ಮೇಲೆ ತಿಳಿಯಿತು. ಎಲ್ಲಿ ಕಲಿತಿರಿ ಎಂದು ಕೇಳಬೇಕು ಅನ್ನುವುದೇ ನಮ್ಮ ಮನೆಯವರಿಗೆ ಹೊಳೆದಿರಲಿಲ್ಲ.

ಹಾಗೆ ಕೇಳುವ ಹಕ್ಕು ಜನರಿಗೆ ಬರಲು ಅಹ್ಮದ್ ದುಡಿದಿದ್ದರು. 1939ರ ಬಂಗಾಳ ದಂತವೈದ್ಯರ ಕಾಯ್ದೆಯ ಹಿಂದೆ ಅವರ ಶ್ರಮ ಇದೆ. 1948ರಲ್ಲಿ ಇಡೀ ದೇಶಕ್ಕೆ ದಂತವೈದ್ಯರ ಕಾಯ್ದೆ ಬಂದಿತು, ಮರುವರ್ಷ ಭಾರತೀಯ ದಂತ ಪರಿಷತ್ತು. ಕಾಯ್ದೆಯಲ್ಲಿ ಎರಡು ಪಟ್ಟಿ ಮಾಡಿದ್ದರು. ಮಾನ್ಯ ಪದವಿ ಇರುವವರು 'ಎ' ಭಾಗ. ಪದವಿ ಇಲ್ಲದಿದ್ದರೂ ಕನಿಷ್ಠ ಐದು ವರ್ಷದಿಂದ ಅದೇ ಕಸುಬಿನಲ್ಲಿ ಹೊಟ್ಟೆ ಹೊರೆಯುತ್ತಿದ್ದವರು 'ಬಿ' ಭಾಗ. ಹಳಬರ ಅನ್ನ ಕಸಿಯದೆ ಹೊಸದನ್ನು ಬಿಗಿ ಮಾಡಿದ ಈ ಕ್ರಮ ವ್ಯಾಪಾರಿಯಾದ ನನಗೆ ಬಹಳ ಹಿಡಿಸಿತು.

ಅಹ್ಮದ್ ಕಲ್ಕತ್ತಾ ಕಾರ್ಪೊರೇಷನ್ನಿನಲ್ಲೂ ಇದ್ದರು. 1950ರಿಂದ 1962ರವರೆಗೆ ಪಶ್ಚಿಮ ಬಂಗಾಳದಲ್ಲಿ ಮಂತ್ರಿಯಾಗಿ ಕೃಷಿ, ಸಹಕಾರ, ಪರಿಹಾರ ಮತ್ತು ಪುನರ್ವಸತಿಯಂಥ ಖಾತೆಗಳನ್ನು ನೋಡಿಕೊಂಡರು. ದೇಶ ಒಡೆದು ಅವರು ಹುಟ್ಟಿದ ಊರು ಪರದೇಶವಾಗಿತ್ತು, ಅವರು ಇಲ್ಲೇ ಉಳಿದರು. 1964ರಲ್ಲಿ ಪದ್ಮಭೂಷಣ ಬಂತು, 1965ರ ಫೆಬ್ರವರಿ 9ರಂದು ತೀರಿಕೊಂಡರು. ಡಿಸೆಂಬರ್ 24, ಅವರ ಜನ್ಮದಿನವನ್ನು ದಂತವೈದ್ಯರು ತಮ್ಮ ದಿನವಾಗಿ ಆಚರಿಸುತ್ತಾರೆ.

ನಮ್ಮ ರಾಜ್ಯಕ್ಕೆ ಬಂದರೆ, ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರದ್ದು, ಮಣಿಪಾಲದ್ದು 1965ರದ್ದು. ಧಾರವಾಡದ ಸತ್ತೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಯ ದಂತ ಕಾಲೇಜು 1986ರಲ್ಲಿ ಆರಂಭವಾಯಿತು, ನಮ್ಮಲ್ಲಿ ಅನೇಕರಿಗೆ ಅದರ ಪರಿಚಯ ಇದೆ. ಸೀಳುತುಟಿಯ ಮಕ್ಕಳ ಶಸ್ತ್ರಚಿಕಿತ್ಸೆಗೂ ಅದು ಹೆಸರಾಗಿದೆ. ಇಂಥ ಕಾಲೇಜುಗಳಲ್ಲಿ ಕಮ್ಮಿ ಖರ್ಚಿಗೆ ಚಿಕಿತ್ಸೆ ಸಿಗುತ್ತದೆ, ವಿದ್ಯಾರ್ಥಿಗಳು ಗುರುಗಳ ಕಣ್ಣೆದುರೇ ಮಾಡುತ್ತಾರೆ. ಹಣದ ಅಡಚಣೆ ಎಂದು ನೋವು ನುಂಗಿಕೊಂಡಿರುವವರಿಗೆ ದಯವಿಟ್ಟು ತಿಳಿಸಿ.

ತಮ್ಮನ ಮಗಳು ಬಿಡಿಎಸ್ ಸೇರಿದ್ದಾಳೆ. ನಾಲ್ಕು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷದಲ್ಲಿ ಮೇಣವನ್ನು ಕೆತ್ತಿ ಹಲ್ಲಿನ ಆಕಾರ ಮಾಡಲು ಕಲಿಸುತ್ತಾರಂತೆ. ಹೋದ ಸಲ ಊರಿಗೆ ಬಂದಾಗ ತಾನು ಕೆತ್ತಿದ ಒಂದು ದವಡೆ ಹಲ್ಲನ್ನು ತಂದು ನನ್ನ ಗಲ್ಲಾದ ಮೇಲೆ ಇಟ್ಟು ಹೋದಳು. ಗಿರಾಕಿಗಳು ಏನದು ಎಂದು ಕೇಳುತ್ತಾರೆ.